ದುಡಿ ನಿಂತ ಮೇಲೆ ಬೆಳ್ಳಿ

‘ನಿಮ್ಮ ಅನುಭವ ಬರೀರಿ. ಅದು ಬಿಟ್ಟು ಇನ್ನೊಬ್ಬರ ಕಾದಂಬರಿಯ ಬಾಲ ಯಾಕೆ ಹಿಡಿದಿದ್ದೀರಿ?’ ಈ ಒಂದು ವರ್ಷದಲ್ಲಿ ನಾವು ಅತಿ ಹೆಚ್ಚು ಕೇಳಿಸಿಕೊಂಡ ಮಾತು ಇದು. ಹೇಳಿದವರಲ್ಲಿ ವಿರೋಧಿಗಳಿಗಿಂತ ಹಿತೈಷಿಗಳೇ ಹೆಚ್ಚು. ಕೊಪ್ಪ ತಾಲ್ಲೂಕಿನ ಭಂಡಿಗಡಿಯಲ್ಲಿ ನಾವು ಆರೇಳು ಜನ, ಕೂಲಿಯವರ ಮಕ್ಕಳು, ಭಾನುವಾರ ಭಾನುವಾರ ಕೂತು ಬರೆದದ್ದು ಇಷ್ಟೇ: ಕಾರಂತ, ಕುವೆಂಪು, ಅನಂತಮೂರ್ತಿ ಪುಸ್ತಕ ಮುಗಿಸಿದ ಕಡೆಯಿಂದ, ಅದರೊಳಗಿನ ನಮ್ಮ ಜನರ ಕಥೆಯನ್ನು ಮುಂದಕ್ಕೆ. ಇಂಥ ಬರಹಕ್ಕೆ ಫ್ಯಾನ್ ಫಿಕ್ಷನ್ ಅಂತ ಹೆಸರಿದೆ, ಅಭಿಮಾನಿಗಳ ಕಥೆ. ಅಭಿಮಾನಿ ಅಂದರೆ ಕಟೌಟಿಗೆ ಹಾಲು ಹೊಯ್ಯುವವನು ಎಂದೇ ನಮ್ಮಲ್ಲಿ ರೂಢಿಯಾಗಿದೆ. ಆದರೆ ಕನ್ನಡದಲ್ಲಿ ಅಭಿಮಾನ ಮಾನಕ್ಕೆ ಸಂಬಂಧಪಟ್ಟ ಮಾತೂ ಹೌದಲ್ಲ? ನಾವು ಆ ಎರಡನೆಯ ಅರ್ಥದ ಅಭಿಮಾನಿಗಳು.

ಹಿತೈಷಿಗಳ ಮಾತನ್ನು ಸ್ವಲ್ಪ ಕೆದಕಿ ನೋಡಬೇಕು. 10ನೇ ಶತಮಾನದಲ್ಲಿ ಪಂಪ ವ್ಯಾಸರ ಕಥೆ ಎತ್ತಿಕೊಂಡು ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನ ಜಾಗದಲ್ಲಿ ಕೂರಿಸಿದ, ಮಹಾಕವಿಯಾದ. ನಮ್ಮ ಕಡೆ ತಾಳಮದ್ದಲೆಯಲ್ಲಿ ಪ್ರಸಂಗದ ಪದ್ಯ ನಾಲ್ಕು ಸಾಲು. ಅರ್ಥಧಾರಿ ಕರ್ಣನ ಬಾಯಲ್ಲಿ ಗಂಟೆಗಟ್ಟಲೆ ತನ್ನ ಮಾತು ಆಡ್ತಾನೆ, ಜನ ತಲೆದೂಗ್ತಾರೆ. ಯಾರೂ ಅವನಿಗೆ ‘ನಿನ್ನ ಸ್ವಂತ ಅನುಭವ ಹೇಳಯ್ಯ’ ಅನ್ನೋದಿಲ್ಲ. ಶೂದ್ರನೊಬ್ಬ ಇದೇ ಕೆಲಸ ಮಾಡಿದಾಗ ಮಾತ್ರ ತಕರಾರು ಎದ್ದಿತು. 1944ರಲ್ಲಿ ಕುವೆಂಪು ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನನ್ನು ಉಳಿಸಿದರು, ರಾಮನ ಬಾಣವನ್ನು ಬ್ರಾಹ್ಮಣನ ಬೆನ್ನಿಗೇ ತಿರುಗಿಸಿದರು, ಮೂಲ ಕಥೆ ಹೀಗೆ ಬದಲಿಸುವುದು ಸರಿಯಲ್ಲ ಎಂದು ಆಕ್ಷೇಪಿಸಿದವರು ಮಾಸ್ತಿಯಂಥ ದೊಡ್ಡವರು. ಈಗ ಆ ಶೂದ್ರನಿಗೂ ಕೆಳಗಿನವನು ಪೆನ್ನು ಹಿಡಿದಾಗ ಆಕ್ಷೇಪಣೆ ಉಪದೇಶದ ವೇಷದಲ್ಲಿ ಬರುತ್ತದೆ. ನೀವು ಹಸಿವು ತನ್ನಿ, ಅವಮಾನ ತನ್ನಿ, ಜೀತ ತನ್ನಿ. ಕಲ್ಪನೆ ನಾವು ನೋಡ್ಕೋತೀವಿ. ‘ಊರು ಕೇರಿ’, ‘ಗೌರ್ಮೆಂಟ್ ಬ್ರಾಹ್ಮಣ’ ಬರದೇ ಹೋಗಿದ್ದರೆ ನಮ್ಮಂಥವರಿಗೆ ಬಾಯೇ ಬರುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ದಲಿತ ಎಂದರೆ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳುವವನು ಮಾತ್ರ, ಕಥೆ ಕಟ್ಟುವವನಲ್ಲ ಎಂಬ ಈ ಹಂಚಿಕೆಯನ್ನು ಯಾರು ಮಾಡಿದರು?

ಈಗ ಬರೆದದ್ದರ ವಿಚಾರ.

‘ಚೋಮನ ದುಡಿ’ (1933) ನಮಗೆಲ್ಲ ಗೊತ್ತಿರುವ ಪುಸ್ತಕ. ಬೇಸಾಯ ಮಾಡಬೇಕೆಂಬ ಚೋಮನ ಆಸೆ, ಕೊಡದ ಧಣಿ, ಮುಟ್ಟಿ ಎತ್ತುವವರಿಲ್ಲದೆ ನೀರಲ್ಲಿ ಹೋದ ನೀಲ. ಸಾಲ ತೀರಿಸಲು ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಬರ್ತಾರೆ. ಕಡೆಗೆ ಆ ಸಾಲ ಲೆಕ್ಕದ ಪುಸ್ತಕದಿಂದ ಅಳಿಸಿದ್ದು ಬೆಳ್ಳಿಯ ದೇಹದ ಬೆಲೆಗೆ. ಚೋಮ ದುಡಿ ಬಾರಿಸುತ್ತಲೇ ಸಾಯುತ್ತಾನೆ. ಕಾರಂತರ ಕರುಣೆ ದೊಡ್ಡದು, ಅದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಪುಸ್ತಕದ ದುಃಖವೆಲ್ಲ ಚೋಮನ ಪಾಲಿಗೆ ಹೋಯಿತು. ದುಡಿ ನಿಂತಿತು, ಪುಸ್ತಕ ಮುಗಿಯಿತು. ಬೆಳ್ಳಿಗೆ ಮಾತ್ರ ಮರುದಿನ ಬೆಳಗಾಗಲೇಬೇಕು. ಅವಳು ಏನುಂಡಳು?

ನಮ್ಮ ಗುಂಪಿನಲ್ಲಿ ಐದು ಜನ ಈ ಬೆಳ್ಳಿಯನ್ನು ಬರೆದರು. ಒಂದು ಕಥೆಯಲ್ಲಿ ಅವಳು ರೈಟರ್ ಮನ್ವೇಲನ ಕುತ್ತಿಗೆಗೆ ಕತ್ತಿ ಹಾಕ್ತಾಳೆ. ಓದಿದಾಗ ಚಪ್ಪಾಳೆ ಬಿತ್ತು. ನಮಗೆ ಅದು ಸಿನಿಮಾದ ಕೊನೆಯ ರೀಲಿನ ಹಾಗೆ ಕಂಡಿತು. ಬರೆದವನ ಸಿಟ್ಟು ಅಲ್ಲಿದೆ, ಬೆಳ್ಳಿ ಇಲ್ಲ. ಕತ್ತಿ ಬೀಸಿದ ಮೇಲೆ ಅವಳನ್ನು ಯಾರು ಅಡಗಿಸಿಟ್ಟರು, ತೋಟದ ಲೈನಿನ ಉಳಿದ ಹೆಂಗಸರಿಗೆ ಆ ವಾರದ ಬಟವಾಡೆ ಆಯ್ತೋ ಇಲ್ಲವೋ ಎಂದು ಕಥೆ ಕೇಳುವುದೇ ಇಲ್ಲ.

ಇನ್ನೊಂದು ಕಥೆ ಬರೆದವಳು ಲೈನಿನಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳ ಬೆಳ್ಳಿ ಮನ್ವೇಲನ ಹೆಸರೇ ಎತ್ತುವುದಿಲ್ಲ. ಮತ್ತೆ ಘಟ್ಟ ಹತ್ತಿ ಬೇರೊಂದು ತೋಟಕ್ಕೆ ಬರ್ತಾಳೆ. ಓದು ಬರುವುದಿಲ್ಲವಾದ್ದರಿಂದ ದಿನಕ್ಕೊಂದು ಗಂಟಿನಂತೆ ದಾರದಲ್ಲಿ ಲೆಕ್ಕ ಇಡ್ತಾಳೆ. ಮಳೆಗೆ ಕೆಲಸ ನಿಂತ ದಿನಕ್ಕೆ ಸಣ್ಣ ಗಂಟು. ಬಟವಾಡೆಯ ದಿನ ರೈಟರ್ ಪುಸ್ತಕ ತೆಗೆದು ಓದುವಾಗ ಇವಳು ದಾರ ತೆಗೆದು ಮೇಜಿನ ಮೇಲೆ ಉದ್ದಕ್ಕೆ ಇಡ್ತಾಳೆ. ಅಷ್ಟೇ ಕಥೆ. ರೈಟರ್ ಏನು ಮಾಡಿದ ಅಂತ ಹೇಳುವುದಿಲ್ಲ. ‘ಇದು ಬಂಡಾಯ ಆಯ್ತಾ?’ ಅಂತ ಒಬ್ಬ ಗೆಳೆಯ ಕೇಳಿದ. ನಮ್ಮ ಪ್ರಕಾರ ಈ ವರ್ಷದ ಅತಿ ದೊಡ್ಡ ಬಂಡಾಯ ಆ ದಾರವೇ. ಸಾಲದ ಲೆಕ್ಕ ಧಣಿಯ ಕೈಯಲ್ಲೇ ಇತ್ತು ಎಂಬುದಲ್ಲವೆ ಚೋಮನ ಮನೆ ಮುರಿದದ್ದು?

‘ಮಲೆಗಳಲ್ಲಿ ಮದುಮಗಳು’ (1967) ವಿಚಾರಕ್ಕೆ ಬಂದರೆ ನಮಗೆ ಸಲಿಗೆ ಜಾಸ್ತಿ. ಕುವೆಂಪು ಹುಟ್ಟಿದ್ದು ನಮ್ಮ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಕಾಡು ನಮಗೆ ಗೊತ್ತಿರುವಂಥ ಕಾಡು. ಹೊಲೆಯನೊಬ್ಬನಿಗೆ ಅಷ್ಟು ಪುಟ ಕೊಟ್ಟ ಕಾದಂಬರಿ ಅದಕ್ಕೆ ಮೊದಲು ಕನ್ನಡದಲ್ಲಿ ಎಷ್ಟಿದ್ದವು? ಗುತ್ತಿಯ ನಾಯಿ ಹುಲಿಯ ತುಂಗೆಯ ಪಾಲಾದದ್ದಕ್ಕೆ ಎಲ್ಲರೂ ಅತ್ತವರೇ, ಎಲ್ಲರೂ ಅದರ ಮೇಲೆ ಬರೆದವರೇ. (ನಾಯಿಯನ್ನು ಮೂರು ಕಥೆಗಳಲ್ಲಿ ಬದುಕಿಸಲಾಗಿದೆ. ಸಾಕು.) ಆದರೆ ಒಬ್ಬ ಗೆಳೆಯ ಮೊಮ್ಮಗನ ಕಥೆ ಬರೆದ. 1974ರ ಭೂಸುಧಾರಣಾ ಕಾಯ್ದೆ ಬಂದಿದೆ, ಒಕ್ಕಲುಗಳೆಲ್ಲ ಡಿಕ್ಲರೇಷನ್ ಹಾಕ್ತಿದ್ದಾರೆ. ಗುತ್ತಿಯ ಮೊಮ್ಮಗನೂ ತಾಲ್ಲೂಕು ಕಚೇರಿಗೆ ಹೋಗ್ತಾನೆ. ಗೇಣಿ ಚೀಟಿ ಎಲ್ಲಿ ಅಂತ ಗುಮಾಸ್ತ ಕೇಳ್ತಾನೆ. ಗೇಣಿ ಕೊಟ್ಟವನಿಗಲ್ಲವೆ ಚೀಟಿ? ಇವನ ಅಪ್ಪ, ಅಜ್ಜ ಒಕ್ಕಲಲ್ಲ, ಆಳು. ಗದ್ದೆಯ ಒಂದೊಂದು ಅಂಚೂ ಅವರ ಕೈಯದು, ಕಾಗದದಲ್ಲಿ ಅವರಿಲ್ಲ. ಉಳುವವನೇ ಒಡೆಯ ಅಂದ ಕಾನೂನು ಉತ್ತವನ ಜೀತದಾಳನ್ನು ಬಾಗಿಲಲ್ಲೇ ನಿಲ್ಲಿಸಿದ ಚರಿತ್ರೆ ಇದು. ವಾಪಸ್ ಬರುವಾಗ ಅವನು ಅಜ್ಜಿ ತಿಮ್ಮಿ ಹೇಳುತ್ತಿದ್ದ ಓಡಿಹೋದ ಕಥೆಯನ್ನು ನೆನೆಯುತ್ತಾನೆ, ಸ್ವಲ್ಪ ಸಿಟ್ಟಿನಿಂದಲೇ. ಕಾದಂಬರಿಯ ಪ್ರೇಮಕ್ಕೆ ಸರ್ವೆ ನಂಬರ್ ಇರಲಿಲ್ಲ.

ಇದು ಮೂಲಕ್ಕೆ ಮಾಡಿದ ಅಪಚಾರವೆ? ‘ಜೇನ್ ಐರ್’ (1847) ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ ಅಟ್ಟದ ಮೇಲೆ ಕೂಡಿಹಾಕಿದ ಒಬ್ಬ ಹುಚ್ಚಿ ಇದ್ದಾಳೆ, ಕೆರಿಬಿಯನ್ ದ್ವೀಪದಿಂದ ತಂದವಳು. ಅಂಥದೇ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲಿ ಆ ಹುಚ್ಚಿಯ ಕಥೆಯನ್ನೇ ಬೇರೆ ಕಾದಂಬರಿ ಮಾಡಿದಳು. ಅದರಿಂದ ‘ಜೇನ್ ಐರ್’ ಸಾಯಲಿಲ್ಲ. ಅಟ್ಟದ ಬಾಗಿಲು ತೆಗೆಯಿತು.

ನಮ್ಮಿಂದ ಇನ್ನೂ ಬರೆಯಲಾಗದೆ ಉಳಿದಿರುವುದು ‘ಸಂಸ್ಕಾರ’ (1965). ನಾರಣಪ್ಪನ ಹೆಣ ಸುಡುವವರು ಯಾರು ಎಂದು ಇಡೀ ಅಗ್ರಹಾರ ಧರ್ಮಶಾಸ್ತ್ರ ತಿರುವುತ್ತದೆ. ಅದೇ ಪ್ಲೇಗಿಗೆ ಹೊಲಗೇರಿಯಲ್ಲೂ ಜನ ಸಾಯ್ತಾರೆ, ಅವರನ್ನು ಗುಡಿಸಲ ಸಮೇತ ಸುಡ್ತಾರೆ, ಯಾವ ಶಾಸ್ತ್ರದ ಚರ್ಚೆಯೂ ಇಲ್ಲ. ಅಲ್ಲೂ ಒಬ್ಬ ಬೆಳ್ಳಿ. ನವ್ಯರ ಕಣ್ಣಿಗೆ ಅವಳ ಮೈ ಕಂಡಷ್ಟು ಮಾತು ಕೇಳಿಸಲಿಲ್ಲ. ಪ್ರಾಣೇಶಾಚಾರ್ಯರ ದ್ವಂದ್ವದ ಬಗ್ಗೆ ನೂರಾರು ಪುಟ ವಿಮರ್ಶೆ ಓದಿ ಎಂ.ಎ. ಪಾಸಾದವರು ನಾವು, ಗುಡಿಸಲ ಬೆಂಕಿಯ ಬಗ್ಗೆ ಪರೀಕ್ಷೆಯಲ್ಲಿ ಒಂದು ಮಾರ್ಕಿನ ಪ್ರಶ್ನೆಯೂ ಬರಲಿಲ್ಲ.

ದಾರದ ಕಥೆ ಬರೆದ ಹುಡುಗಿ ಈ ಬೆಳ್ಳಿಯನ್ನು ಒಂದು ಪುಟದಷ್ಟು ಬರೆದಿದ್ದಾಳೆ. ಮುಂದಿನ ಸಂಚಿಕೆಗೆ ಕೇಳಿದ್ದೇವೆ, ಕೊಡಲ್ಲ ಅಂದಿದ್ದಾಳೆ. ಬೆಂಕಿ ಆರಿದ ಮೇಲೆ ಬೆಳ್ಳಿ ಕೇರಿ ಬಿಟ್ಟು ಹೊರಟಿದ್ದಾಳಂತೆ. ತೋಟದ ಲೈನಿನಲ್ಲಿ ಕಾರಂತರ ಬೆಳ್ಳಿ ಅವಳಿಗೆ ಜಾಗ ಕೊಡ್ತಾಳೋ, ಇರೋ ಒಂದು ಕೋಣೆಯಲ್ಲಿ ಜಾಗ ಎಲ್ಲಿದೆ ಅಂತಾಳೋ, ಇನ್ನೂ ತೀರ್ಮಾನ ಆಗಿಲ್ಲ.