ಛಾಯಾಚಿತ್ರ, ಐತಿಹ್ಯ ಮತ್ತು ನಿಂತ ಕಾಲ

ಅಮೆರಿಕದ ಲೇಖಕ ರಾನ್ಸಮ್ ರಿಗ್ಸ್ ಅವರ ‘ಮಿಸ್ ಪೆರೆಗ್ರಿನ್ಸ್ ಹೋಮ್ ಫಾರ್ ಪೆಕ್ಯೂಲಿಯರ್ ಚಿಲ್ಡ್ರನ್’ (2011) ಕಾದಂಬರಿಯು ಸಂಗ್ರಾಹಕರ ಬಳಿಯಿದ್ದ ಹಳೆಯ, ಅನಾಮಿಕ ಛಾಯಾಚಿತ್ರಗಳ ಸುತ್ತ ಹೆಣೆದ ಕಥನ. ಅಜ್ಜ ಹೇಳುತ್ತಿದ್ದ ರಾಕ್ಷಸರ ಹಾಗೂ ವಿಚಿತ್ರ ಮಕ್ಕಳ ಕಥೆಗಳಿಗೆ ಇಲ್ಲಿ ಛಾಯಾಚಿತ್ರವೇ ಸಾಕ್ಷ್ಯ.

ವೇಲ್ಸ್‌ನ ದ್ವೀಪವೊಂದರಲ್ಲಿ 1940ರ ಸೆಪ್ಟೆಂಬರ್ 3 ನಿತ್ಯವೂ ಮರುಕಳಿಸುತ್ತದೆ. ಬಾಂಬು ಬೀಳುವ ಮುನ್ನ ಕಾಲವು ಹಿಂದಕ್ಕೆ ಸರಿಯುತ್ತದೆ. ಅಲ್ಲಿನ ಮಕ್ಕಳಿಗೆ ವಯಸ್ಸಾಗುವುದಿಲ್ಲ. ಒಮ್ಮೆ ಅಜ್ಜನನ್ನು ಪ್ರೀತಿಸಿದ್ದ ಎಮ್ಮಾ ಈಗ ಮೊಮ್ಮಗ ಜೇಕಬ್‌ನಿಗೆ ಒಲಿಯುತ್ತಾಳೆ. ನೋಡುವವರು ಮುಪ್ಪಾದರೂ ಚಿತ್ರದೊಳಗಿನ ಮುಖ ಮುಪ್ಪಾಗದು. ಈ ಪ್ರೇಮದ ಮೂಲವೂ ಅದೇ, ಅದೃಶ್ಯ ರಾಕ್ಷಸರನ್ನು ಮೀರಿದ ಭಯವೂ ಅದೇ.

ಆದರೆ ಜಾನಪದ ಅಧ್ಯಯನಕ್ಕೆ ಇಲ್ಲೊಂದು ನೈತಿಕ ಪ್ರಶ್ನೆಯಿದೆ. ಐತಿಹ್ಯವನ್ನು ಹೇಳುವ ಸಮುದಾಯವೊಂದು ಇರುತ್ತದೆ. ಈ ಚಿತ್ರಗಳಿಗಾದರೋ ಊರು, ಹೆಸರುಗಳೇ ಕಳೆದುಹೋಗಿವೆ. ಒಂದು ಕಾಲಕ್ಕೆ ಬದುಕಿದ್ದವರ ಮುಖಗಳಿಗೆ ಕಲ್ಪಿತ ಚರಿತ್ರೆಯನ್ನು ತೊಡಿಸಿದಾಗ ಅವರ ಸ್ವಂತ ಕಥೆ ಎರಡನೆಯ ಬಾರಿ ಅಳಿಯುತ್ತದೆ.