ತೆರೆಯ ಮೇಲಿನ ತತ್ವ, ನೋಡುವವರ ಪಾಲು

1983ರಲ್ಲಿ ಜಿ.ವಿ. ಅಯ್ಯರ್ ಶಂಕರಾಚಾರ್ಯರ ಬದುಕನ್ನು ಸಂಸ್ಕೃತದಲ್ಲೇ ಸಿನಿಮಾ ಮಾಡಿದರು. ಸಾವು ಮತ್ತು ಅರಿವು ಬಾಲಕ ಶಂಕರನ ಗೆಳೆಯರಾಗಿ ಜೊತೆಜೊತೆಗೇ ನಡೆಯುವ ಆ ಚಿತ್ರ ಸ್ವರ್ಣಕಮಲ ಪಡೆಯಿತು. ಗಂಭೀರ ಕೃತಿ, ಸುಂದರ ಕೃತಿ. ಆದರೆ ಸಂಸ್ಕೃತ ಬಾರದ ಪ್ರೇಕ್ಷಕ ಅದಕ್ಕೆ ದೂರದಿಂದ ಕೈಮುಗಿಯಬಹುದಿತ್ತೇ ಹೊರತು ಎದುರು ಮಾತಾಡುವಂತಿರಲಿಲ್ಲ.

ಮೂವತ್ತು ವರ್ಷದ ಬಳಿಕ ಅದೇ ಅದ್ವೈತದ ಪ್ರಶ್ನೆಯೊಂದು ಟಾಕೀಸಿನೊಳಗೆ ಟಾರ್ಚ್ ಹಿಡಿದು ಬಂತು. ಪವನ್ ಕುಮಾರ್ ಅವರ 'ಲೂಸಿಯಾ'ದ (2013) ನಿಕ್ಕಿ ಕತ್ತಲಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ಹುಡುಗ. ನಿದ್ದೆ ಬಾರದೆ ಮಾತ್ರೆ ನುಂಗುತ್ತಾನೆ, ಕನಸಿನಲ್ಲಿ ಸಿನಿಮಾ ಸ್ಟಾರ್ ಆಗುತ್ತಾನೆ. ಟಾಕೀಸಿನ ಬಡ ಬದುಕು ಬಣ್ಣದಲ್ಲಿದೆ, ಸ್ಟಾರ್ ಬದುಕು ಕಪ್ಪು ಬಿಳುಪಿನಲ್ಲಿ. ಬಣ್ಣದ್ದೇ ನಿಜವೆಂದು ನಂಬಿ ಕೂತವರಿಗೆ ಕೊನೆಯಲ್ಲಿ ನೆಲವೇ ಜಾರುತ್ತದೆ: ಕನಸು ಕಾಣುತ್ತಿದ್ದವನು ಸ್ಟಾರ್! ಎಚ್ಚರದಲ್ಲಿ ಕಂಡದ್ದೂ ಕನಸಿನಷ್ಟೇ ಮಿಥ್ಯೆ ಎಂದು ಮಾಂಡೂಕ್ಯ ಕಾರಿಕೆಯಲ್ಲಿ ಗೌಡಪಾದರು ವಾದಿಸಿದ್ದರು. ಎಲ್ಲವೂ ಸಿಕ್ಕವನು ಕನಸಿನಲ್ಲಿ ಯಾಕೆ ಬಡ ಟಾರ್ಚ್ ಹುಡುಗನಾಗಲು ಹಂಬಲಿಸಿದ ಎಂಬ ಸಂಕಟ ಮಾತ್ರ ಪವನ್ ಅವರದೇ. ಜನ ಹಣ ಹಾಕಿ ಮಾಡಿಸಿದ ಈ ಚಿತ್ರದಲ್ಲಿ ಒಂದು ಶ್ಲೋಕವೂ ಬೇಕಾಗಲಿಲ್ಲ.

'ಉಪೇಂದ್ರ' (1999) ಈ ಪರಂಪರೆಯ ಬಲ, ದೌರ್ಬಲ್ಯ ಎರಡನ್ನೂ ತೋರಿಸುತ್ತದೆ. ನಾಯಕನ ಹೆಸರೇ 'ನಾನು'. ಅಹಂಕಾರದ ಪ್ರಶ್ನೆಯನ್ನು ಶಿಳ್ಳೆ ಹೊಡೆಯುವ ಗ್ಯಾಲರಿಗೆ ಒಯ್ದದ್ದು ಸಣ್ಣ ಸಾಹಸವಲ್ಲ. ಆದರೆ 'ನಾನು' ಬೆಳೆಯುತ್ತ ಹೋದಂತೆ ಮೂವರು ನಾಯಕಿಯರು ಬರೀ ಸಂಕೇತಗಳಾಗಿ ಒಣಗುತ್ತಾರೆ. ಹೆಣ್ಣಿಗೂ ಒಂದು 'ನಾನು' ಇದೆ ಎಂಬುದನ್ನೇ ಮರೆತ ತತ್ವ ಅರ್ಧ ತತ್ವ.

ಕಿರುತೆರೆಯ ದಾರಿ ಬೇರೆ. 1998ರ 'ಮಾಯಾಮೃಗ'ದಿಂದ 'ಮುಕ್ತ'ದವರೆಗೆ ಟಿ.ಎನ್. ಸೀತಾರಾಂ ನ್ಯಾಯದ ಪ್ರಶ್ನೆಯನ್ನು ಕೋರ್ಟಿಗೂ ನಡುಮನೆಗೂ ಒಟ್ಟಿಗೆ ತಂದರು. ಅವರೇ ಅಭಿನಯಿಸಿದ ವಕೀಲ ಸಿಎಸ್‌ಪಿಯ ಪಾಟೀಸವಾಲು ಮುಗಿಯುವಷ್ಟರಲ್ಲಿ, ಸರಿ ಯಾವುದೆಂದು ಮನೆಮಂದಿಯಲ್ಲೇ ಎರಡು ಪಕ್ಷವಾಗುವಂತೆ ಎಳೆ ಹೆಣೆಯುತ್ತಿದ್ದರು.

2020ರಲ್ಲಿ ಜೀ ಕನ್ನಡ ವಾಹಿನಿ ಅಂಬೇಡ್ಕರ್ ಬದುಕಿನ ಕಥೆ 'ಮಹಾನಾಯಕ'ವನ್ನು ಕನ್ನಡಕ್ಕೆ ಡಬ್ ಮಾಡಿ ತಂದಾಗ ಪ್ರಶ್ನೆ ನಡುಮನೆ ದಾಟಿತು. ಧಾರಾವಾಹಿಯೊಂದಕ್ಕೆ ಹಳ್ಳಿಯ ಯುವಕರೇ ಹಣ ಕೂಡಿಸಿ ಬೀದಿಯಲ್ಲಿ ಬ್ಯಾನರ್ ಕಟ್ಟಿದರು. ಬಾಲಕ ಭೀಮನಿಗೆ ನೀರು ಮುಟ್ಟಲು ಬಿಡದ ಶಾಲೆಯ ಕಥೆ ಬಹಳ ಕೇರಿಗಳಿಗೆ ಹೊಸದಾಗಿರಲಿಲ್ಲ. ಅದನ್ನು ಊರಿನ ಎಲ್ಲ ಮನೆಗಳೂ ಒಂದೇ ಹೊತ್ತಿಗೆ ನೋಡಬಹುದಾದದ್ದು ಹೊಸದು. ಸಂಭಾಷಣೆ ಅತಿನಾಟಕೀಯ, ಸಂಗೀತ ಗದ್ದಲದ್ದು. ಆದರೂ ಸಮಾನತೆ ಎಂಬ ಮಾತು ಪಠ್ಯಪುಸ್ತಕದಿಂದ ಎದ್ದು ಬೀದಿಗೆ ಬಂತು.

ತತ್ವವನ್ನು ಜನರ ನಡುವೆ ಬಿಚ್ಚುವ ಅಭ್ಯಾಸ ಟಿವಿಗಿಂತ ಬಹಳ ಹಳೆಯದು. ಹೂವಿನಹಡಗಲಿ ತಾಲ್ಲೂಕಿನ ಮೈಲಾರವನ್ನು ನೋಡಿ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ನಿಲ್ಲಿಸಿದ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾನೆ. ಲಕ್ಷಾಂತರ ಜನ ಗಪ್‌ಚುಪ್. ಒಂದೇ ಸಾಲಿನ ಭವಿಷ್ಯವಾಣಿ, ಅಂದರೆ ಕಾರ್ಣಿಕ, ನುಡಿದು ಕೆಳಗೆ ಬೀಳುತ್ತಾನೆ, ಗೊರವರು ಹಿಡಿಯುತ್ತಾರೆ. ಆ ಸಾಲಿಗೆ ಅರ್ಥ ಹೇಳುವುದು ಗೊರವಯ್ಯನ ಕೆಲಸವಲ್ಲ. ಒಕ್ಕಲಿಗ ಅದರಲ್ಲಿ ಮಳೆ ಹುಡುಕುತ್ತಾನೆ, ಕುರಿಯವನು ಮೇವು ಹುಡುಕುತ್ತಾನೆ, ಇನ್ನೊಬ್ಬ ರಾಜಕೀಯ ಹುಡುಕುತ್ತಾನೆ. ಗಾಡಿ ಹೂಡಿ ಊರು ಸೇರುವತನಕ ಜಿಜ್ಞಾಸೆ ನಡೆದೇ ಇರುತ್ತದೆ.

ಸುದ್ದಿವಾಹಿನಿಗಳು ಬಂದಮೇಲೆ ಈ ತಾಳ್ಮೆಗೇ ಕುತ್ತು ಬಂದಿದೆ. 2023ರ ವಿಧಾನಸಭಾ ಚುನಾವಣೆಗೆ ಮೊದಲಿನ ಕಾರ್ಣಿಕದಲ್ಲಿ ಅಂಬಲಿಯೂ ಕಂಬಳಿಯೂ ಬಂದಿದ್ದವು. ಕೇಳಿದ್ದೇ ತಡ, ಅದು ಯಾರ ಗೆಲುವಿನ ಸೂಚನೆ ಎಂಬ ಚರ್ಚೆ ಶುರುವಾಯಿತು. ಅಂಬಲಿ, ಕಂಬಳಿ ಎರಡೂ ಈ ಸೀಮೆಯ ಕುರಿಗಾರನ ಹೊಟ್ಟೆ ಬಟ್ಟೆಯ ಮಾತು ಎಂಬುದನ್ನು ಕೇಳುವವರು ಕಡಿಮೆ. ಕಾರ್ಣಿಕಕ್ಕೆ ಮೈಲಾರದತನಕ ಕ್ಯಾಮೆರಾ ಹೊತ್ತು ಬರುವ ವಾಹಿನಿಗಳು ಗೊರವಯ್ಯ ಬಿದ್ದ ಮೇಲೂ ಒಂದೆರಡು ತಾಸು ಅಲ್ಲೇ ನಿಂತು, ಕಣದಲ್ಲಿ ಕೂತ ಹಿರಿಯರ ವಾದ ಪ್ರತಿವಾದವನ್ನು ಕತ್ತರಿಸದೆ ಬಿತ್ತರಿಸಬೇಕು. ಸ್ಟುಡಿಯೋದ ಪಂಡಿತರನ್ನು ಆ ದಿನದ ಮಟ್ಟಿಗೆ ಮನೆಯಲ್ಲೇ ಬಿಡಬಹುದು.