ತತ್ವಪದದ ಕೆಳಗೆ ಬೇಸ್ ಗಿಟಾರು

ಕನ್ನಡದ ಜಾನಪದ ರಾಕ್ ಬಗ್ಗೆ ಬರೆಯುವವರು ಹಾಡುಗಾರನ ಕಂಠದ ಬಗ್ಗೆ ಬರೆಯುತ್ತಾರೆ. ಲುಂಗಿ, ಗೆಜ್ಜೆಗಳ ಬಗ್ಗೆ ಬರೆಯುತ್ತಾರೆ. ವಯಲಿನ್ ಹೇಗೆ ಏರಿತು, ಡ್ರಮ್ ಹೇಗೆ ಗುಡುಗಿತು ಎಂದೂ ಬರೆಯುತ್ತಾರೆ. ಬೇಸ್ ಗಿಟಾರಿನ ಬಗ್ಗೆ ಒಂದು ಪೂರ್ತಿ ವಾಕ್ಯ ಓದಿದ ನೆನಪು ನನಗಿಲ್ಲ. ರಘು ದೀಕ್ಷಿತ್ ಹೆಸರು ಎಲ್ಲರಿಗೂ ಗೊತ್ತು, ಅವರ ಬ್ಯಾಂಡಿನಲ್ಲಿ ವರ್ಷಗಟ್ಟಲೆ ಬೇಸ್ ನುಡಿಸಿದ ಗೌರವ್ ವಾಜ್ ಹೆಸರು ಎಷ್ಟು ಜನರಿಗೆ ಗೊತ್ತು? ಸ್ವರಾತ್ಮದ ವಾಸು ದೀಕ್ಷಿತ್ ಗೊತ್ತು, ಜಿಷ್ಣು ದಾಸ್‌ಗುಪ್ತ?

ನಾನು ಈ ವಾದ್ಯವನ್ನೇ ನುಡಿಸುವವನು. ಅಫಜಲಪುರ ತಾಲೂಕಿನ ಹವಳಗಾದ ಸುತ್ತಮುತ್ತ, ಆಳಂದ, ಜೇವರ್ಗಿ ಕಡೆಯ ಜಾತ್ರೆ, ಉರುಸು, ಮದುವೆ, ಗಣಪತಿ ಪೆಂಡಾಲುಗಳಲ್ಲಿ ರಸಮಂಜರಿ ನಡೆಸುವ ತಂಡವೊಂದರ ಹಿಂದಿನ ಸಾಲಿನಲ್ಲಿ ನಿಲ್ಲುತ್ತೇನೆ. ಸಿನಿಮಾ ಹಾಡು ನುಡಿಸುತ್ತೇವೆ, ಜಾನಪದ ನುಡಿಸುತ್ತೇವೆ. ಈಗೀಗ ತತ್ವಪದಗಳನ್ನೂ ಬ್ಯಾಂಡಿನೊಡನೆ ಹಾಡಿ ಎಂದು ಕೇಳುತ್ತಾರೆ. ಆಗ ಎದುರಾಗುವ ಪ್ರಶ್ನೆ ಒಂದೇ: ಇಂಥ ಪದದ ಕೆಳಗೆ ಬೇಸ್ ಏನು ಮಾಡಬೇಕು? ಮೇಲ್ನೋಟಕ್ಕೆ ಇದು ಬೆರಳಿನ ಪ್ರಶ್ನೆ. ನನ್ನ ಮಟ್ಟಿಗೆ ಇದು ಪದದ ಅರ್ಥದ ಪ್ರಶ್ನೆ.

ಮೊದಲು ವಾದ್ಯದ ಪರಿಚಯ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬುದನ್ನು ಮಾರುಕಟ್ಟೆಗೆ ತಂದ. ಅದಕ್ಕೂ ಮೊದಲು ಈ ಕೆಲಸ ಮಾಡುತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದರಲ್ಲಿ ಫ್ರೆಟ್ಟುಗಳಿಲ್ಲ, ಸ್ವರವನ್ನು ಕಿವಿಯಿಂದಲೇ ಹುಡುಕಬೇಕು. ಫ್ರೆಟ್ ಹಾಕಿದ್ದರಿಂದ ಸ್ವರ ನಿಖರವಾಯಿತು, ಹೆಸರಿನಲ್ಲಿರುವ ಪ್ರಿಸಿಷನ್ ಅದೇ. ನಾಲ್ಕು ತಂತಿ, 34 ಇಂಚಿನ ತಂತಿಯುದ್ದ. ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ದಪ್ಪ ತಂತಿಯಿಂದ ಸಣ್ಣದರ ಕಡೆಗೆ ಬಿಳಿ ಮೂರು, ಬಿಳಿ ಆರು, ಬಿಳಿ ಎರಡು, ಬಿಳಿ ಐದು. ದಪ್ಪ ತಂತಿಯನ್ನು ಬಿಟ್ಟು ಮೀಟಿದರೆ ಸೆಕೆಂಡಿಗೆ ಸುಮಾರು 41 ಕಂಪನ. ಅದು ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತದೆ.

ಈ ವಾದ್ಯದ ನಿಜವಾದ ಅಧಿಕಾರ ಸದ್ದಿನಲ್ಲಿಲ್ಲ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಹಾಡುಗಾರ ಷಡ್ಜದಲ್ಲಿ ನಿಂತು ಎಳೆಯುತ್ತಿದ್ದಾನೆ ಅನ್ನಿ. ಬೇಸ್ ಕೂಡ ಷಡ್ಜದಲ್ಲಿದ್ದರೆ ಆ ಸ್ವರ ಮನೆಯಲ್ಲೇ ಇದೆ. ಹಾಡುಗಾರ ಕದಲದೆ ಇದ್ದಾಗಲೇ ಬೇಸ್ ಮಧ್ಯಮಕ್ಕೆ ಹೋದರೆ ಅದೇ ಸ್ವರ ಹೊಸ ನೆಲಕ್ಕೆ ಪಂಚಮವಾಗುತ್ತದೆ. ಬೇಸ್ ಕೋಮಲ ಧೈವತಕ್ಕೆ ಇಳಿದರೆ ಶುದ್ಧ ಗಾಂಧಾರವಾಗಿ ಅರಳುತ್ತದೆ. ಶುದ್ಧ ಧೈವತ ಹಿಡಿದರೆ ಕೋಮಲ ಗಾಂಧಾರವಾಗಿ ಮುಖ ಬಾಡಿಸಿಕೊಳ್ಳುತ್ತದೆ. ಹಾಡುಗಾರ ಏನನ್ನೂ ಬದಲಿಸಿಲ್ಲ, ಆದರೂ ಕೇಳುಗನಿಗೆ ನಾಲ್ಕು ಬೇರೆ ಬೇರೆ ಭಾವ. ಹಿಂದಿನ ಸಾಲಿನಲ್ಲಿ ಮಾತಿಲ್ಲದೆ ನಿಂತವನು ಮುಂದಿನವನ ಮಾತಿನ ಅರ್ಥವನ್ನು ತಿದ್ದಬಲ್ಲ ಅನ್ನುವುದು ಇದಕ್ಕೇ.

ಈ ಅಧಿಕಾರವನ್ನು ಚೆನ್ನಾಗಿ ಬಳಸಿದ ಮಾದರಿ ನಮ್ಮ ಕಿವಿಗಳಲ್ಲಿ ಆಗಲೇ ಇದೆ. ಶಂಕರ್ ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಇವೆರಡಕ್ಕೂ ಸಂಗೀತ ಇಳಯರಾಜಾ ಅವರದು. ಬೇಸ್ ಏನು ನುಡಿಸಬೇಕೆಂದು ಸ್ವರಲಿಪಿಯಲ್ಲಿ ಬರೆದುಕೊಡುವ ಸಂಯೋಜಕ ಅವರು. ಅವರ ಹಾಡುಗಳಲ್ಲಿ ಬೇಸ್ ಕೆಳಗಿನಿಂದ ಬರುವ ಎರಡನೆಯ ಹಾಡು. ಮೇಲಿನ ಧಾಟಿಗೆ ಅದು ಉತ್ತರ ಕೊಡುತ್ತದೆ, ಒಮ್ಮೊಮ್ಮೆ ಎದುರಾಡುತ್ತದೆ. ರಸಮಂಜರಿಯ ಬೇಸ್ ವಾದಕರು ಕೈ ಪಳಗಿಸಿಕೊಳ್ಳುವುದು ಇಲ್ಲೇ. ಪ್ರೇಮಗೀತೆಗೆ ಇದು ಹೊಂದುತ್ತದೆ, ಏಕೆಂದರೆ ಪ್ರೇಮಗೀತೆ ಇಬ್ಬರ ಮಾತು. ಕೆಳಗೆ ಇನ್ನೊಬ್ಬರು ಮಾತಾಡಿದರೆ ಅದು ತುಂಬಿಕೊಳ್ಳುತ್ತದೆ.

ತತ್ವಪದದ ಲೆಕ್ಕ ಬೇರೆ. ನಮ್ಮ ಸೀಮೆಗೆ ಇದು ಹೊರಗಿನಿಂದ ಬಂದ ಸರಕಲ್ಲ. ಕಡಕೋಳ ಮಡಿವಾಳಪ್ಪ ಇದೇ ಅಫಜಲಪುರ, ಜೇವರ್ಗಿ ನೆಲದಲ್ಲಿ ಓಡಾಡಿದವರು. ಚನ್ನೂರ ಜಲಾಲಸಾಹೇಬ, ಖೈನೂರು ಕೃಷ್ಣಪ್ಪ ಅವರ ಶಿಷ್ಯ ಪರಂಪರೆಯವರು. ಜಾತಿ ಧರ್ಮ ಕೇಳದೆ ಬೆಳೆದ ಆ ಬಳ್ಳಿ ಇವತ್ತಿಗೂ ಭಜನೆ ಮನೆಗಳಲ್ಲಿ ಹಬ್ಬಿದೆ. ಅಲ್ಲಿ ಪದ ಶುರುವಾಗುವ ಮುಂಚೆ ಏಕತಾರಿ ಶುರುವಾಗುತ್ತದೆ. ಒಂದೇ ತಂತಿ, ಒಂದೇ ಸ್ವರ, ಮೀಟುವುದು ತೋರುಬೆರಳು. ಪದ ಮುಗಿಯುವವರೆಗೂ ಆ ಸ್ವರ ಜಾಗ ಬಿಡುವುದಿಲ್ಲ. ತತ್ವಪದಗಳನ್ನು ವಿದ್ವಾಂಸರು ಹುಡುಕಿ ಸಂಪುಟಗಳಲ್ಲಿ ಅಚ್ಚು ಹಾಕಿದ್ದಾರೆ, ಅದು ದೊಡ್ಡ ಕೆಲಸ. ಅಚ್ಚಿಗೆ ಬಂದದ್ದು ಮಾತು ಮಾತ್ರ, ಕೆಳಗಿನ ಆ ಸ್ವರ ಬರಲಿಲ್ಲ. ಹೀಗಾಗಿ ನಮ್ಮ ವಿಮರ್ಶೆಯೂ ಪದಗಳನ್ನು ಓದುವ ಕವಿತೆಗಳೆಂದೇ ನೋಡಿತು. ಬೆಡಗನ್ನು ಒಡೆದು ಅರ್ಥ ಹೇಳಿತು. ಆ ಬೆಡಗು ಯಾವ ನೆಲದ ಮೇಲೆ ನಿಂತಿತ್ತು ಎಂದು ಕೇಳಲಿಲ್ಲ.

ನನ್ನ ತಿಳಿವಳಿಕೆಯಲ್ಲಿ ಏಕತಾರಿ ಹಾಡುಗಾರನಿಗೆ ಶ್ರುತಿ ಕೊಡುವ ಅನುಕೂಲ ಮಾತ್ರ ಅಲ್ಲ. ಅದು ಪದದ ವಾದದ ಒಂದು ಭಾಗ. ಮೇಲೆ ಮಾತು ಒಗಟಾಗುತ್ತದೆ, ಲೋಕ ತಲೆಕೆಳಗಾಗುತ್ತದೆ, ದೇಹ ಮನೆಯಾಗುತ್ತದೆ, ಮನೆ ಮಸಣವಾಗುತ್ತದೆ. ಕೆಳಗಿನದು ಮಾತ್ರ ಕದಲುವುದಿಲ್ಲ. ಪದ ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡುವುದೂ ಇಲ್ಲ, ಪ್ರಶ್ನೆಯನ್ನು ಹಿಡಿದುಕೊಂಡು ಕೂತಿರುತ್ತದೆ.

ಈಗ ಬ್ಯಾಂಡಿಗೆ ಬರೋಣ. ಶಿಶುನಾಳ ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವಥ್. ಕ್ಯಾಸೆಟ್ಟುಗಳು, ಆಮೇಲೆ ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಆ ಕೆಲಸ ಮಾಡಿದವು. 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್‌ನಲ್ಲಿ ಶರೀಫರ ಎರಡು ಪದಗಳಿದ್ದವು. ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. ಕಾಲೇಜು ಹುಡುಗರು ಶರೀಫರನ್ನು ಕುಣಿಯುತ್ತ ಹಾಡಲು ಶುರು ಮಾಡಿದ್ದು ಅಲ್ಲಿಂದ. ಇದು ಸಣ್ಣ ಸಾಧನೆಯಲ್ಲ, ನಮ್ಮಂಥ ತಂಡಗಳಿಗೆ ತತ್ವಪದದ ಬೇಡಿಕೆ ಬಂದದ್ದೂ ಅದೇ ಹಾದಿಯಿಂದ.

ಈ ಎರಡು ಪದಗಳು ಬ್ಯಾಂಡಿನಲ್ಲಿ ಒಂದೇ ರೀತಿ ದಕ್ಕುವುದಿಲ್ಲ. ಗುಡುಗುಡಿಯ ಪದಕ್ಕೆ ಚೇಷ್ಟೆ ಇದೆ, ಕರೆಯುವ ಗುಣವಿದೆ. ಡ್ರಮ್ಮಿಗೆ ಅಂಟಿಕೊಂಡು ಜಿಗಿಯುವ ಬೇಸ್ ಆ ಚೇಷ್ಟೆಯನ್ನು ದೇಹಕ್ಕೆ ದಾಟಿಸುತ್ತದೆ. ಅಲ್ಲಿ ಲಾಭವೇ ಹೆಚ್ಚು. ಮಾಳಿಗೆಯ ಪದ ಹಾಗಲ್ಲ. ಅಲ್ಲಿ ಮನೆ ಸೋರುತ್ತಿದೆ, ಸರಿಪಡಿಸುವವರು ಯಾರೂ ಇಲ್ಲ, ಕತ್ತಲಿದೆ. ಗಿಟಾರಿನ ಕಾರ್ಡು ಬದಲಾದಂತೆ ಬೇಸ್ ಕೂಡ ಜಾಗ ಬದಲಿಸಿ, ನಾಲ್ಕು ಆವರ್ತಕ್ಕೊಮ್ಮೆ ಷಡ್ಜಕ್ಕೆ ಮರಳಿದರೆ ಏನಾಗುತ್ತದೆ? ದೂರ ಹೋದದ್ದು ಮನೆಗೆ ಬಂತು ಅನ್ನುವ ಸಮಾಧಾನ ಕೇಳುಗನಿಗೆ ಸಿಗುತ್ತದೆ. ಮಾತು ಮನೆ ಸೋರುತ್ತಿದೆ ಅನ್ನುತ್ತಿದೆ, ಬೇಸ್ ಪ್ರತಿ ಸಾಲಿನ ಕೊನೆಗೂ ಮಾಳಿಗೆ ರಿಪೇರಿಯಾಯಿತು ಅನ್ನುತ್ತಿದೆ. ಈ ಜಾಡಿನ ಬ್ಯಾಂಡುಗಳ ಬಗ್ಗೆ ನನ್ನ ತಕರಾರು ಇಷ್ಟೇ. ಅವು ಜೋರಾಗಿ ನುಡಿಸುತ್ತವೆ ಎಂಬುದಲ್ಲ, ಪರದೇಶಿ ವಾದ್ಯ ತಂದವು ಎಂಬುದೂ ಅಲ್ಲ. ಪದ ಬಿಡಿಸದೆ ಬಿಟ್ಟ ಗಂಟನ್ನು ಬೇಸ್ ಅವಸರದಲ್ಲಿ ಬಿಡಿಸಿಬಿಡುತ್ತದೆ.

ಇದಕ್ಕೆ ಎದುರು ಮಾತಿದೆ, ಅದು ನ್ಯಾಯದ್ದೇ. ಭಜನೆ ಮನೆಯಲ್ಲಿ ಈಗ ಕೂತಿರುವ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದು. ಶುದ್ಧವಾದ ತತ್ವಪದ ಅನ್ನುವುದು ಎಲ್ಲೂ ಇಟ್ಟ ಒಡವೆಯಲ್ಲ, ಪ್ರತಿ ತಲೆಮಾರೂ ತನ್ನ ಕೈಗೆ ಸಿಕ್ಕ ವಾದ್ಯದಲ್ಲಿ ಹಾಡಿಕೊಂಡಿದೆ. ಒಪ್ಪುತ್ತೇನೆ. ಆದರೆ ಹಾರ್ಮೋನಿಯಂ ಬಂದಾಗ ಭಜನೆಯವರು ಏನು ಮಾಡಿದರು ನೋಡಿ. ಒಂದು ಕೈ ಧಾಟಿಯನ್ನು ಹಿಂಬಾಲಿಸಿತು, ಷಡ್ಜ ಪಂಚಮದ ಸುರು ಕೆಳಗೆ ನಿಂತೇ ಇತ್ತು. ಕಾರ್ಡು ನುಡಿಸಬಲ್ಲ ವಾದ್ಯದಲ್ಲಿ ಅವರು ಕಾರ್ಡು ನುಡಿಸಲಿಲ್ಲ. ಹೊಸ ವಾದ್ಯಕ್ಕೆ ಹಳೆಯ ಕೆಲಸ ಕಲಿಸಿದರು. ಬೇಸ್ ಗಿಟಾರಿಗೂ ಹಾಗೆ ಕಲಿಸಲು ಸಾಧ್ಯ.

ಹೇಗೆ ಎಂಬುದಕ್ಕೆ ಕೈಯ ಲೆಕ್ಕ ಹೇಳುತ್ತೇನೆ. ನಮ್ಮ ಕಡೆಯ ಗಂಡಸರಲ್ಲಿ ಹಲವರು ಕಪ್ಪು ಒಂದರಲ್ಲಿ ಹಾಡುತ್ತಾರೆ. ಬೇಸಿನಲ್ಲಿ ಅದು ಬಿಳಿ ಆರರ ತಂತಿಯ ನಾಲ್ಕನೆಯ ಫ್ರೆಟ್. ಪಕ್ಕದ ದಪ್ಪ ತಂತಿಯಲ್ಲಿ ಅದೇ ನಾಲ್ಕನೆಯ ಫ್ರೆಟ್ ಮಂದ್ರ ಪಂಚಮ. ಮೇಲಿನ ಷಡ್ಜ ಸಣ್ಣ ತಂತಿಯ ಆರನೆಯ ಫ್ರೆಟ್ಟಿನಲ್ಲಿ. ಅಂಗೈ ಅಲ್ಲಾಡಿಸದೆ ಮೂರೂ ಸಿಗುತ್ತವೆ. ಇನ್ನು ಬಿಟ್ಟ ತಂತಿಗಳು: ಕಪ್ಪು ಒಂದಕ್ಕೆ ಅವು ಕ್ರಮವಾಗಿ ಕೋಮಲ ಗಾಂಧಾರ, ಕೋಮಲ ಧೈವತ, ಕೋಮಲ ರಿಷಭ, ತೀವ್ರ ಮಧ್ಯಮ. ಅಂದರೆ ಕೈತಪ್ಪಿ ಬಿಟ್ಟ ತಂತಿ ನುಡಿದರೆ ಬಹಳ ರಾಗಗಳಲ್ಲಿ ಅಪಸ್ವರ. ಭೈರವಿಯಲ್ಲಾದರೆ ಮೊದಲ ಮೂರು ತಂತಿಗಳೂ ರಾಗದ ಒಳಗೇ ಇರುತ್ತವೆ. ಕಚೇರಿಯ ಕೊನೆಗೆ ಭೈರವಿ ಬಂದಾಗ ಎಡಗೈಗೆ ಸಿಗುವ ಬಿಡುವು ಬೇಸ್ ನುಡಿಸುವವರಿಗೇ ಗೊತ್ತು.

ಸ್ವರದಲ್ಲಿ ನಿಲ್ಲುವುದೆಂದರೆ ಸುಮ್ಮನಿರುವುದಲ್ಲ. ಏಕತಾರಿಯೂ ಸುಮ್ಮನಿರುವುದಿಲ್ಲ, ಅದು ಲಯದಲ್ಲಿ ನಡೆಯುತ್ತದೆ. ಒಂದೇ ಷಡ್ಜವನ್ನು ಗಿಡ್ಡವಾಗಿ ಕತ್ತರಿಸಬಹುದು, ಉದ್ದ ಬಿಡಬಹುದು, ಅಂಗೈಯಿಂದ ಅದುಮಿ ಬರೀ ಗುದ್ದಿನ ಸದ್ದು ಮಾಡಬಹುದು, ಚರಣದ ತುದಿಗೆ ಮೇಲಿನ ಷಡ್ಜಕ್ಕೆ ಹಾರಿಸಬಹುದು. ಅಮೆರಿಕದ ಮೋಟೌನ್ ಕಂಪನಿಯ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದ. ನಯವಾದ ಮೇಲ್ಮೈಯ ಫ್ಲಾಟ್‌ವೌಂಡ್ ತಂತಿ ಹಾಕುತ್ತಿದ್ದ. ಆತನ ಸ್ವರಗಳು ಕುಣಿಯುತ್ತವೆ, ಆ ದಾರಿ ಬೇರೆ. ಬೆರಳು ಮಾತ್ರ ಏಕತಾರಿಯದೇ. ನಾನು ತತ್ವಪದಕ್ಕೆ ಒಂದೇ ಬೆರಳು ಬಳಸುತ್ತೇನೆ, ಬ್ರಿಡ್ಜಿನ ಬಳಿ ತಂತಿಗಳ ಕೆಳಗೆ ಒಂದು ಸ್ಪಂಜಿನ ತುಂಡು ತುರುಕುತ್ತೇನೆ. ಹಳೆಯ ಫೆಂಡರ್ ಬೇಸುಗಳಲ್ಲಿ ಬ್ರಿಡ್ಜಿನ ಮುಚ್ಚಳದೊಳಗೆ ಕಂಪನಿಯವರೇ ಇಂಥದ್ದನ್ನು ಇಟ್ಟಿರುತ್ತಿದ್ದರು. ಸ್ವರ ಬೇಗ ಸಾಯುತ್ತದೆ, ಗುಂಡಗೆ ಕೇಳುತ್ತದೆ, ಮಾತಿಗೆ ಜಾಗ ಬಿಡುತ್ತದೆ.

ಜಾತ್ರೆಯ ಸೌಂಡ್ ವ್ಯವಸ್ಥೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮಗೆ ಬೇಸ್ ಆಂಪ್ಲಿಫೈಯರ್ ಇರುವುದು ಅಪರೂಪ. ಗಿಟಾರಿನ ವೈರು ಡಿಐ ಬಾಕ್ಸಿನ ಮೂಲಕ ನೇರ ಮಿಕ್ಸರಿಗೆ ಹೋಗುತ್ತದೆ, ಹಲವು ಊರುಗಳಲ್ಲಿ ಅಲ್ಲಿಂದ ಮರಕ್ಕೆ ಕಟ್ಟಿದ ಹಾರ್ನ್ ಸ್ಪೀಕರಿಗೆ. ನಾಲ್ಕನೆಯ ಫ್ರೆಟ್ಟಿನ ಆ ಷಡ್ಜ ಸುಮಾರು 69 ಹರ್ಟ್ಸ್. ಹಾರ್ನ್ ಅಷ್ಟು ಕೆಳಗಿನದನ್ನು ಕೊಡುವುದಿಲ್ಲ. ಆದರೆ ಅದೇ ತಂತಿಯಿಂದ ಹೊರಡುವ 208, 277 ಹರ್ಟ್ಸಿನ ಮೇಲಿನ ಅಂಶಗಳು ಹಾರ್ನಿನಲ್ಲಿ ಬಂದರೆ ಸಾಕು, ಇಲ್ಲದ ಮೂಲಸ್ವರವನ್ನು ಕಿವಿಯೇ ಕಟ್ಟಿಕೊಳ್ಳುತ್ತದೆ. ಅಂಥ ಕಡೆ ಸ್ಪಂಜು ತೆಗೆದು, ಬ್ರಿಡ್ಜಿನ ಹತ್ತಿರ ಗಟ್ಟಿಯಾಗಿ ಮೀಟಬೇಕು. ಉಪಕರಣ ಬಡವಾಗಿದ್ದಾಗ ತಂತ್ರ ಬದಲಾಗಬೇಕು, ಸ್ವರದ ಜಾಗ ಬದಲಾಗಬೇಕಿಲ್ಲ.

ನಮ್ಮ ಊರಿನಲ್ಲಿ ಕೆಳಸ್ವರಕ್ಕೆ ಬರವಿಲ್ಲ ಅನ್ನುವುದೂ ನಿಜ. ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಹಂಗಾಮು ಶುರುವಾದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ದೊಡ್ಡ ಡಬ್ಬಗಳಲ್ಲಿ ಡಿಜೆ ಹಾಡು ಹಾಕಿಕೊಂಡು ರಸ್ತೆ ತುಂಬುತ್ತವೆ, ಕಿಟಕಿಯ ತಗಡು ನಡುಗುತ್ತದೆ. ಬೇಸ್ ಅಂದರೆ ಇಂದಿನ ಹುಡುಗರಿಗೆ ಇದೇ. ರಾತ್ರಿಯೆಲ್ಲ ಟ್ರ್ಯಾಕ್ಟರ್ ಓಡಿಸುವವನಿಗೆ ಅದು ನಿದ್ದೆ ತಡೆಯುವ ಗೆಳೆಯ, ಅವನನ್ನು ಹಂಗಿಸುವ ಇರಾದೆ ನನಗಿಲ್ಲ. ಆ ಸದ್ದಿಗೆ ತಾಳವಿದೆ, ಶ್ರುತಿ ಆಗುವ ಸಾವಧಾನ ಇಲ್ಲ ಅನ್ನುವುದಷ್ಟೇ ನನ್ನ ಮಾತು.

ಇಷ್ಟೆಲ್ಲ ಹೇಳಲು ಒಂದು ತುರ್ತು ಇದೆ. ರಸಮಂಜರಿ ತಂಡಕ್ಕೆ ಕೊಡುವ ದುಡ್ಡು ಕಡಿಮೆಯಾದಾಗ ಮೊದಲು ಬಿಡುವುದು ಬೇಸ್ ವಾದಕನನ್ನು. ಕೀಬೋರ್ಡಿನವನ ಎಡಗೈ ಆ ಕೆಲಸ ಮಾಡುತ್ತದೆ, ಅದೂ ಬೇಡವಾದರೆ ಪೆನ್‌ಡ್ರೈವಿನಲ್ಲಿ ತಯಾರು ಟ್ರ್ಯಾಕ್ ಇರುತ್ತದೆ. ಸಿನಿಮಾ ಹಾಡಿಗೆ ಅದು ನಡೆದೀತು. ತತ್ವಪದದ ಹಾಡುಗಾರ ಟ್ರ್ಯಾಕಿನ ಹಿಂದೆ ಓಡುವವನಲ್ಲ. ಮನಸ್ಸಿಗೆ ಬಂದರೆ ಒಂದು ಸಾಲನ್ನು ಆರು ಸಲ ತಿರುವುತ್ತಾನೆ, ನಡುವೆ ನಿಂತು ಅರ್ಥ ಹೇಳುತ್ತಾನೆ. ಅವನು ನಿಂತಾಗ ಟ್ರ್ಯಾಕ್ ಮುಂದೆ ಹೋಗಿಬಿಡುತ್ತದೆ. ಅವನಿಗಾಗಿ ಕಾಯುವುದಕ್ಕೆ ಕೆಳಗೊಬ್ಬ ಮನುಷ್ಯ ಬೇಕು. ಬೇಸ್ ವಾದಕನ ಕೂಲಿ ಉಳಿಸಿದ ತಂಡ ಆ ಕಾಯುವಿಕೆಯನ್ನೂ ಕಳೆದುಕೊಳ್ಳುತ್ತದೆ, ಅದು ಹೋದ ಮೇಲೆ ಪದ ಐದು ನಿಮಿಷದ ಐಟಂ ಆಗುತ್ತದೆ.

ಹಾಗಾಗಿ ಇನ್ನು ಮುಂದೆ ಯಾವುದಾದರೂ ಬ್ಯಾಂಡು ಶರೀಫರನ್ನೋ ಮಡಿವಾಳಪ್ಪನನ್ನೋ ಹಾಡಿದಾಗ, ವಿಮರ್ಶೆ ಬರೆಯುವ ಗೆಳೆಯರು ಒಂದು ಸಲ ಹಾಡುಗಾರನನ್ನು ಬಿಟ್ಟು ಬರೀ ಕೆಳಗಿನ ತಂತಿಗೆ ಕಿವಿ ಕೊಡಲಿ. ಅದು ಎಲ್ಲಿ ನಿಂತಿದೆ, ಎಲ್ಲಿ ಕದಲಿತು, ಕದಲಿದಾಗ ಮಾತಿನ ಅರ್ಥ ಏನಾಯಿತು ಎಂದು ಬರೆಯಲಿ. ಆ ನಾಲ್ಕು ಸಾಲು ಬಂದರೆ ಬ್ಯಾಂಡಿನವರೂ ಹಾಡಿನ ಕೆಳಗೆ ಏನಿಡಬೇಕು ಎಂದು ಮುಂದಿನ ಸಲ ಯೋಚಿಸುತ್ತಾರೆ.